ತೂಕ ಇಳಿಯಲಿಲ್ಲ

ವನಗೂರು
೧೪-೨-೨೦೦೩

ಪ್ರಸನ್ನ ಅವರಿಗೆ ನಮಸ್ಕಾರ.

ಹೆಣ್ಣು ನೋಡಲು ಬಂದಾಗ ನೀವು, ಹತ್ತು ಕೆ.ಜಿ. ಇಳಿಸಿದರೆ ಮದುವೆ ಎಂದಿರಿ. ಅಂದಿನಿಂದ ಗುಡ್ಡ ಹತ್ತಿದೆ, ತೋಟದಲ್ಲಿ ಕಾಫಿ ಮೂಟೆ ಹೊತ್ತೆ. ಮೊನ್ನೆ ನೋಡಿದರೆ ತೂಕ ಮೊದಲಿನಷ್ಟೇ! ಅತ್ತುಬಿಟ್ಟೆ. ಆದರೆ ಚೂಡಿದಾರ್ ಸೊಂಟದಲ್ಲಿ ಸಡಿಲ, ತೋಳಿನಲ್ಲಿ ಬಿಗಿ.

"ಕೊಬ್ಬು ಕರಗಿ ಮಾಂಸಖಂಡ ಬೆಳೆದೈತೆ ಕಣಮ್ಮ, ಅದಕ್ಕೇ ತೂಕ ಹಂಗೇ ಐತೆ," ಎಂದರು ತೂಕ ನೋಡಿದ ನರ್ಸಮ್ಮ.

ನಿನ್ನೆ ತೋಟದಲ್ಲಿ ಜಾರಿಬಿದ್ದ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಜೀಪಿನವರೆಗೆ ತಂದೆ. ಅಜ್ಜಿ ಕ್ಷೇಮ. ಮೊದಲ ಸಲ ನನ್ನ ಮೈ ನನಗೇ ಇಷ್ಟವಾಯಿತು.

ನಿಮ್ಮ ಲೆಕ್ಕದಲ್ಲಿ ನಾನು ಗೆದ್ದೆನೋ ಸೋತೆನೋ ತಿಳಿಯುತ್ತಿಲ್ಲ. ನಿಮ್ಮನ್ನು ಕೇಳಬೇಕೆ ಎಂಬುದೂ ತಿಳಿಯುತ್ತಿಲ್ಲ. ಸದ್ಯಕ್ಕೆ, ಅಂದು ನಿಮಗೆ ಕೊಟ್ಟ ನನ್ನ ಫೋಟೋ ಮರಳಿ ಕಳಿಸಿ. ಹೊಸದು ಕಳಿಸಬೇಕೋ ಬೇಡವೋ, ಇನ್ನೂ ಯೋಚಿಸುತ್ತಿದ್ದೇನೆ.

ಇಂತಿ,
ನಳಿನಾಕ್ಷಿ