ನಿಂತರೆ ಸಾಯುವ ಲಾರಿ

ಅಣ್ಣಾ,

ನಿನಗೆ ಕಾಗದ ಬರೆದು ನನಗೆ ರೂಢಿಯಿಲ್ಲ. ನಾನಿರುವ ಸಿಂದಗಿಯಿಂದ ನಿನ್ನ ಬಾಗೇವಾಡಿಗೆ ಬಸ್ಸಿರುವಾಗ ಕಾಗದ ಏಕೆ ಎನ್ನುತ್ತಿದ್ದೆ ನೀನು. ಈಗ ನೀನಿರುವಲ್ಲಿಗೆ ಬಸ್ಸಿಲ್ಲ. ಎಲ್ಲಿಯೋ ಇರುವೆಯೆಂದು ನಾನು ನಂಬುವುದೂ ಇಲ್ಲ. ಆದರೂ ಲಾರಿಯ ವಿಷಯ ನಿನಗಲ್ಲದೆ ಯಾರಿಗೆ ಹೇಳಲಿ?

ನೀನು ಹೋದ ಮೇಲೆ ಎರಡು ತಿಂಗಳು ಅದು ಅಂಗಳ ಬಿಟ್ಟು ಕದಲಲಿಲ್ಲ. ಗಾಳಿ-ಪೆಟ್ರೋಲು ಬೆರೆಸುವ ಹಳೆಯ ಕಾರ್ಬೊರೇಟರಿನ ಒಳಸರಳು ಸವೆದು, ಸಂದಿನಿಂದ ಗಾಳಿ ನುಗ್ಗುತ್ತಿತ್ತು. ಅದಕ್ಕೆ ಬಟ್ಟೆ ಸುತ್ತಿ, ಸಾಬೂನು ಮೆತ್ತಿ ಓಡಿಸುವುದು ನಿನಗೊಬ್ಬನಿಗೇ ಗೊತ್ತಿತ್ತು. ಇಂಡಿಯಿಂದ ನಿನ್ನ ಭಾವ, ನಮ್ಮ ವೈನಿಯ ಅಣ್ಣ, ಬಂದು, ಮುದ್ದೇಬಿಹಾಳದಲ್ಲಿ ಗುಜರಿಯವನೊಬ್ಬನನ್ನು ಗೊತ್ತು ಮಾಡಿದ್ದೇನೆ, ಮುಂದಿನ ಸೋಮವಾರ ಲಾರಿ ಅವನಿಗೆ ಕೊಟ್ಟು ನಮ್ಮ ಮನೆಗೆ ಬಂದುಬಿಡು ಎಂದು ತಂಗಿಗೆ ಹೇಳಿದ. ಅವನು ಹೋದ ಮೇಲೆ ವೈನಿ ನನ್ನತ್ತ ತಿರುಗಿದರು.

“ತಮ್ಮಾ, ಲಾರಿ ದುಡದ್ರ ನಾ ಈ ಮನಿ ಯಜಮಾನತಿ. ಇಲ್ಲಂದ್ರ ಅಲ್ಲಿ ಅಣ್ಣನ ಹೇಣ್ತಿ ಮುಂದ ತಾಟ ಹಿಡಕೊಂಡ ಕುಂಡ್ರಾಕಿ. ಸಾಲ್ಯಾಗ ಗಾಳಿ-ಪೆಟ್ರೋಲಿನ ಪಾಠಾ ಹೇಳ್ತಿಯಲ್ಲ, ಒಮ್ಮೆ ಮಾಡಿ ತೋರಸು.”

ಸೊಲ್ಲಾಪುರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಇಡೀ ದಿನ ಅಲೆದೆ. ಎಲ್ಲರೂ ಡೀಸೆಲ್ಲಿಗೆ ತಿರುಗಿದ ಈ ಕಾಲದಲ್ಲಿ ಪೆಟ್ರೋಲ್ ಲಾರಿಗೆ ಕಾರ್ಬೊರೇಟರು ಕೇಳಿದವನನ್ನು ಜನ ಹೇಗೆ ನೋಡುತ್ತಾರೆ ಗೊತ್ತೇ? ಕೊನೆಗೆ ಒಂದು ಸಿಕ್ಕಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ನೀನು ಒಂದು ಬೋಲ್ಟು ಬದಲಿಸಿದರೂ ಮೂರು ಬೆರಳಿನಿಂದ ವಿಭೂತಿ ಎಳೆಯದೆ ಗಾಡಿ ಚಾಲೂ ಮಾಡುತ್ತಿರಲಿಲ್ಲ. ನಾನು ನಗುತ್ತಿದ್ದೆ. ಕಬ್ಬಿಣಕ್ಕೆ ಯಾವ ದೇವರು ಎಂದು ಒಮ್ಮೆ ಕೇಳಿದ್ದೆ. “ಕಬ್ಬಿಣಕ್ಕಲ್ಲೋ, ನನ್ನ ಕೈಗೆ” ಎಂದಿದ್ದೆ ನೀನು. ಆಗ ಅದು ನನಗೆ...

ಡ್ರೈವರ್ ಮಲ್ಲೇಶಿ ತನ್ನ ಊರು ಮಸೂತಿಯಿಂದ ಬಂದ. ಗಾಳಿ ಸೋರದಂತೆ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಅಡಿಗೆ ಹಾಕಿ, ಕಾರ್ಬೊರೇಟರು ಕೂರಿಸಿ, ನಟ್ಟುಗಳನ್ನು ಬಿಗಿದೆವು. ಗಾಳಿ ಸೋಸುವ ಡಬ್ಬಿಯೊಂದು ಬಾಕಿ. ಮಲ್ಲೇಶಿ ಪೆಟ್ರೋಲು ತರಲು ಹೋದ. ಅಂಗಳದಲ್ಲಿ ನಾನೊಬ್ಬನೇ. ಜಗಲಿಯ ಮೇಲಿದ್ದ ನಿನ್ನ ವಿಭೂತಿಗಟ್ಟಿ ತೇಯ್ದು, ಕಾರ್ಬೊರೇಟರಿನ ಬಾಯಿಗೆ ಮೂರು ಗೆರೆ ಎಳೆದೆ. ಏಕೆ? ಈಗಲೂ ಕೇಳಿಕೊಳ್ಳುತ್ತಿದ್ದೇನೆ. ಮಲ್ಲೇಶಿ ಬರುವಷ್ಟರಲ್ಲಿ ಡಬ್ಬಿ ಕೂರಿಸಿ ಮುಚ್ಚಿಬಿಟ್ಟಿದ್ದೆ.

ಎಂಜಿನ್ನು ಹತ್ತಿತು. ಆದರೆ ಎಕ್ಸಿಲೇಟರಿನಿಂದ ಕಾಲು ತೆಗೆದರೆ ಕಪ್ಪು ಹೊಗೆ ಉಗುಳಿ ಸಾಯುತ್ತಿತ್ತು. ಜೋರಾಗಿ ಓಡಬಲ್ಲದು, ನಿಂತಲ್ಲಿ ಉಸಿರಾಡಲಾರದು. ಎರಡು ದಿನ ಪೆಟ್ರೋಲು ಹೆಚ್ಚುಕಡಿಮೆ ಮಾಡುವ ತಿರುಪು ತಿರುಗಿಸಿದೆ: ಒಳಗೆ, ಹೊರಗೆ, ಕಾಲು ಸುತ್ತು, ಅರೆ ಸುತ್ತು. ರಾತ್ರಿಯಿಡೀ ನಿದ್ದೆಯಿಲ್ಲ, ಕೂತರೆ ಏಳಬೇಕು, ಎದ್ದರೆ ಲಾರಿಯ ಸುತ್ತ ತಿರುಗಬೇಕು.

“ಸೊಲ್ಲಾಪುರದಾಗ ನಿಮಗ ಚಲೋ ಟೊಪಗಿ ಹಾಕ್ಯಾರ ಮಾಸ್ತರ” ಎಂದ ಮಲ್ಲೇಶಿ. “ಒಯ್ದು ಅವರ ಮಾರಿಗೆ ಒಗದ ಬರ್ರಿ.”

“ಒಗ್ಯಾಕ ಟೈಮ್ ಎಲ್ಲೈತೋ? ನಾಳೆ ಸೋಮವಾರ” ಎಂದರು ವೈನಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ತಂದಿತು.

ಆ ಭಾನುವಾರ ಬೆಳಿಗ್ಗೆಯೇ, ನಾನು ಹಲಗೆಯ ಮೇಲೆ ಎಷ್ಟೋ ಸಲ ಬರೆದ ಚಿತ್ರ ಕಣ್ಣ ಮುಂದೆ ಬಂತು. ಎಂಜಿನ್ನು ನಿಂತಲ್ಲೇ ನಡೆಯುವಾಗ ಗಾಳಿ ಬರುವುದು ಕಾರ್ಬೊರೇಟರಿನ ಬಾಯಂಚಿನ ಒಂದು ಸಣ್ಣ ತೂತಿನಿಂದ. ಅದು ಕಟ್ಟಿದರೆ ಪೆಟ್ರೋಲೇ ಹೆಚ್ಚಾಗಿ ಕಪ್ಪು ಹೊಗೆ. ಡಬ್ಬಿ ಬಿಚ್ಚಿ ನೋಡಿದೆ. ತೂತಿನಲ್ಲಿ ಬಿಳಿಯ ಬೂದಿ ಗಟ್ಟಿಯಾಗಿ ಕೂತಿತ್ತು. ಒರೆಸಿ ಸುಮ್ಮನಿರಬಹುದಿತ್ತು. ತಪ್ಪು ಸೊಲ್ಲಾಪುರದವರ ತಲೆಗೇ ಹೋಗಿರುತ್ತಿತ್ತು. ಆದರೆ ಮಲ್ಲೇಶಿ ಆಗಲೇ ಬಗ್ಗಿ ನೋಡುತ್ತಿದ್ದ.

“ಇದೇನ್ರಿ ಸುಣ್ಣಾ?”

“ವಿಭೂತಿ” ಎಂದೆ. “ನಾನು ಹಚ್ಚಿದ್ದು.”

ಇಬ್ಬರೂ ನನ್ನನ್ನೇ ನೋಡಿದರು. ಆಮೇಲೆ ವೈನಿ ಸೆರಗು ಬಾಯಿಗೆ ಒತ್ತಿಕೊಂಡರು.

“ಏ ತಮ್ಮಾ, ಹಣಿಗೆ ಹಚ್ಚಕೋ ಅಂದ್ರ ಒಂದಿನಾ ಹಚ್ಚಲಿಲ್ಲ, ಹೋಗಿ ಹೋಗಿ ಲಾರಿ ಬಾಯಾಗ ಹಚ್ಚಿ! ನಿಮ್ಮಣ್ಣ ಬಾನೆಟ್ಟಿಗೆ ಹಚ್ತಿದ್ದಾ, ಬಾನೆಟ್ಟಿಗೆ!”

ಇಷ್ಟು ವರ್ಷ ನೀನು ಎಲ್ಲಿ ಹಚ್ಚುತ್ತಿದ್ದೆ ಎಂಬುದನ್ನೂ ನಾನು ನೋಡಿರಲಿಲ್ಲ. ನಗುವುದರಲ್ಲೇ ಕಳೆದಿದ್ದೆ.

ಕಸಬರಿಗೆಯ ಕಡ್ಡಿಯಿಂದ ಬಿಡಿಸಿ, ಪೆಟ್ರೋಲಿನಿಂದ ತೊಳೆದು, ಬಾಯಿಂದ ಊದಿದೆ. ಚಾಲೂ ಮಾಡಿದ ಎಂಜಿನ್ನು ಬಿಸಿಯಾಗುವವರೆಗೆ ಮಲ್ಲೇಶಿ ಕಾಲು ತೆಗೆಯಲಿಲ್ಲ. ತಿರುಪನ್ನು ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿದ್ದೆ. ಮುಗ್ಗರಿಸುವವರೆಗೆ ಒಳಗೆ, ತೂಗಾಡುವವರೆಗೆ ಹೊರಗೆ, ಎರಡರ ನಡುವೆ ಒಂದು ಜಾಗ. ಆ ಜಾಗ ಕಿವಿಗೆ ಸಿಕ್ಕಿದಾಗ ಕೈ ತೆಗೆದೆ. ಮಲ್ಲೇಶಿ ಕಾಲು ತೆಗೆದ. ಎಂಜಿನ್ನು ನಡೆಯುತ್ತಲೇ ಇತ್ತು. ವೈನಿ ಕೇಳುತ್ತ ನಿಂತರು, ನಾನೂ ನಿಂತೆ. ಸ್ವಲ್ಪ ಹೊತ್ತು ಯಾರಿಗೂ ಎಲ್ಲಿಗೂ ಹೋಗಬೇಕಿರಲಿಲ್ಲ.

ಸೋಮವಾರ ವೈನಿಯ ಅಣ್ಣ ಗರಿಗರಿ ಧೋತರದಲ್ಲಿ ಬಂದ. ಅಷ್ಟರಲ್ಲಿ ಮಲ್ಲೇಶಿ ಮಸೂತಿಯಿಂದ ಜೋಳದ ಚೀಲ ಹೇರಿಕೊಂಡು ಬಂದಿದ್ದ. ಬಿಜಾಪುರಕ್ಕೆ ಹೊರಡುವ ಮೊದಲು ತಾಡಪತ್ರಿ ಬಿಗಿಯುತ್ತಿದ್ದೆವು.

“ಯಣ್ಣಾ, ಚಲೋ ವ್ಯಾಳ್ಯಾಕ ಬಂದಿ” ಎಂದರು ವೈನಿ. “ಆ ಕಡೆ ಹಗ್ಗ ಹಿಡಿ.”

ಹಿಡಿದ. ಜಗ್ಗಿದ. ಗುಜರಿಯವನ ಹೆಸರು ಎತ್ತಲಿಲ್ಲ. ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚೇ ತಿಂದು, ಸಂಜೆಯ ಬಸ್ಸಿಗೆ ಇಂಡಿಗೆ ಒಬ್ಬನೇ ಹೋದ.