ಕದ್ದ ಹೊತ್ತು

ಭಾವಿಕೇರಿ, ಅಂಕೋಲಾ
೧೨ ಡಿಸೆಂಬರ್ ೨೦೦೪

ಪ್ರೀತಿಯ ರಂಜನಾ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಹರಿಯುವ ಮುಂಚೆ ಓದುತ್ತೀಯೆಂದು ಬರೆಯುತ್ತಿದ್ದೇನೆ. ನಿನ್ನೆ ಆಯಿ ಕೂಡ, ರಂಜನಾ ಈಗೀಗ ಯಾಕೆ ಬರೂದಿಲ್ಲ, ಜಗಳ ಮಾಡ್ಕಂಡ್ರಿ ಏನು ಎಂದು ಕೇಳಿದಳು. ನಾನು ಮೀನು ತೊಳೆಯುತ್ತ ಕುಳಿತೆ.

ಗೋದಾವರಿ ಟೀಚರ್ ನಮಗೆ ಪಿಯಾನೋದಲ್ಲಿ ರುಬಾತೊ ಕಲಿಸಿದ್ದು ನೆನಪಿದೆಯಾ? ಇಟಲಿಯವರ ಮಾತಿನಲ್ಲಿ ಹಾಗೆಂದರೆ ಕದ್ದದ್ದು, ಕದ್ದ ಹೊತ್ತು. ಮೊದಲು ಅದು ಅಲ್ಲಿನ ಹಾಡುಗಾರರ ಚಾಳಿಯಂತೆ. ಒಂದು ಸ್ವರದ ಮೇಲೆ ತುಸು ಹೆಚ್ಚು ನಿಲ್ಲುವುದು, ಆ ಹೊತ್ತನ್ನು ಮುಂದಿನ ಸ್ವರಗಳಿಂದ ಕದಿಯುವುದು, ಆಮೇಲೆ ಮರಳಿಸಿ ತಾಳಕ್ಕೆ ಬಂದು ಸೇರುವುದು. ಜೊತೆಗೆ ನುಡಿಸುವವರು ಮಾತ್ರ ಅಲುಗಬಾರದು. ಒಂದೇ ಪಿಯಾನೋದ ಮುಂದೆ ಇಬ್ಬರನ್ನೂ ಕೂರಿಸಿ, ಕದಿಯುವುದನ್ನು ನಿನಗೆ ಕೊಟ್ಟರು, ಅಲುಗದಿರುವುದನ್ನು ನನಗೆ. ನೀನು ತಡೆದು ನುಡಿಸಿದಾಗ ಟೀಚರ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು ಕಣೇ.

ಅಷ್ಟೇ ಅಲ್ಲ. ನಾಲ್ಕಕ್ಕೆ ಮುಗಿಯಬೇಕಾದ ನಿನ್ನ ಪಾಠ ನಾಲ್ಕೂವರೆಗೆ ಮುಗಿಯುತ್ತಿತ್ತು. ಅಂಕೋಲೆಯಿಂದ ಬಸ್ಸಿನಲ್ಲಿ ನಿಂತು ಬಂದವಳು ನಾನು, ಕಾರವಾರದ ಆ ಜಗಲಿಯಲ್ಲಿ ಬಾಗಿಲ ಸಂದಿಯಿಂದ ನಿನ್ನ ಬೆನ್ನು ನೋಡುತ್ತ ಕೂರಬೇಕು. ಐದರ ಬಸ್ಸು ನನಗಾಗಿ ಕಾಯುತ್ತದೆಯೇ? ನನ್ನ ಅರ್ಧ ಪಾಠ ನೀನು ತಿಂದೆ. ಒಮ್ಮೆಯಾದರೂ ತಪ್ಪಾಯಿತು ಎಂದೆಯಾ?

ಇರಲಿ. ನಾವಿಬ್ಬರೂ ಜೊತೆಯಾಗಿ ನುಡಿಸಿದ ಕಾರ್ಯಕ್ರಮದ ದಿನ ತಪ್ಪಿದವಳು ನಾನೇ. ಕೊನೆಯ ಸಾಲಿನಲ್ಲಿ ಮಾತ್ರ ನಾನು ನಿನಗಾಗಿ ನಿಲ್ಲಬೇಕೆಂದು ಟೀಚರ್ ಎಂದೋ ನನ್ನ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿಕೊಟ್ಟಿದ್ದರು. ನಾನು ನಿಲ್ಲಲಿಲ್ಲ. ನೀನು ಹಿಂದೆ ಉಳಿದೆ, ಜನ ನಕ್ಕರು. ನಿಶಾ ನಿಲ್ಲಬೇಕಿತ್ತು ಎಂದು ನೀನು ಅಳುತ್ತ ಹೇಳಿದಾಗ, ಗುರುತು ಹಾಕಿದ್ದು ನೆನಪಿರದ ಟೀಚರ್ ನನ್ನ ಪುಸ್ತಕ ತೆರೆದು ನೋಡಿದರು. ಗುರುತು ಇರಲಿಲ್ಲ. ಕದ್ದದ್ದನ್ನು ಮರಳಿಸಲು ಬಾರದವಳೆಂದು ಎಲ್ಲರೆದುರು ನಿನಗೇ ಬೈದರು. ನೀನು ಪಾಠವನ್ನೇ ಬಿಟ್ಟೆ.

ನಿಲ್ಲುವುದು ನನಗೆ ಮರೆತೇ ಹೋಗಿತ್ತು, ರಂಜನಾ. ಪೆನ್ಸಿಲ್ ಗುರುತಲ್ಲವೇ, ತಾನಾಗಿ ಮಾಸಿರಬೇಕು. ಸಿಟ್ಟು ಬಿಟ್ಟು ಪಾಠಕ್ಕೆ ಬಾ. ನೀನಿಲ್ಲದೆ ನನ್ನ ಭಾಗ ಬರೀ ಕುಟ್ಟಿದ ಹಾಗೆ ಕೇಳುತ್ತದೆ.

ನಿನ್ನ,
ನಿಶಾ

ಮರೆತ ಮಾತು: ಗುರುತು ತಾನಾಗಿ ಮಾಸಲಿಲ್ಲ. ಆ ದಿನ ಬೆಳಿಗ್ಗೆ ಬಸ್ಸು ಹಟ್ಟಿಕೇರಿ ದಾಟುವಾಗ ರಬ್ಬರಿನಿಂದ ಉಜ್ಜಿದ್ದು ನಾನೇ. ಶನಿವಾರ ಟೀಚರ ಮುಂದೆಯೂ ಹೇಳುತ್ತೇನೆ. ನಿನ್ನ ಮೂರು ಗಂಟೆಯ ಪಾಠವನ್ನು ಈಗ ನನಗೆ ಕೊಟ್ಟಿದ್ದಾರೆ, ನಾಲ್ಕೂವರೆಯವರೆಗೂ ಕೂರಿಸಿಕೊಳ್ಳುತ್ತಾರೆ. ಬಿಟ್ಟುಕೊಡಲು ಮನಸ್ಸೇ ಬರುತ್ತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನನ್ನ ಮನಸ್ಸು ಬದಲಾಗುವ ಮುಂಚೆ, ಈ ಶನಿವಾರವೇ ಬಾ.