ಹೊಳೆಗೋಡೆಯ ತೂತುಗಳು

ಅಪ್ಪಾ,

ನೀವು ತೀರಿಹೋದ ಮೂರನೇ ವಾರಕ್ಕೆ ಕಂಪ್ಲಿಯಲ್ಲಿ ನಮ್ಮ ಮನೆ ಹಿಂದೆ ಮಣ್ಣು ಹೊಳೆಗೆ ಜರಿಯದಂತೆ ಕಟ್ಟಿಸಿದ್ದ ಹೊಳೆಗೋಡೆ ಕುಸಿಯಿತು. ರಿಪೇರಿ ಮಾಡಿಸಲು ಹಾಸ್ಟೆಲಿನಿಂದ ಒಬ್ಬನೇ ಬಂದಿದ್ದೇನೆ.

ಇವತ್ತು ಗೌಂಡಿ ಭರಮಣ್ಣ ಬಿದ್ದ ಕಲ್ಲು ಹೊರಳಿಸಿ ತೂತಿಗೆ ಮೆತ್ತಿದ್ದ ಸಿಮೆಂಟ್ ತೋರಿಸಿದ. "ಮಣ್ಣಾಗಿನ ನೀರು ಹೊರಗ ಹೋಗ್ಲಿ ಅಂತ ಕಟ್ಟುವಾಗ ನಾನು ತೂತು ಬಿಟ್ಟಿದ್ದೆ. ಎಲ್ಲಾ ಮೆತ್ತಿಸಿಬಿಟ್ಟಾರ. ಗ್ವಾಡಿ ನಿಲ್ಲತೈತೇನ್ರಿ?"

ಕಾಲೇಜು ಸೇರುವ ಮುಂಚೆ, ಗೋಡೆ ನೀಟಾಗಿ ಕಾಣಲೆಂದು ಹೊಸಪೇಟೆಯಿಂದ ಸಿಮೆಂಟ್ ತರಿಸಿ ಮುಚ್ಚಿಸಿದವನು ನಾನು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ: "ಯಾರು ಮುಚ್ಚಿಸಿದ್ರು ಅಂತ ಆಗ್ಲೇ ಕೇಳಿದ್ದೆ. 'ನಾನಽ ಮುಚ್ಚಿಸೀನಿ, ಬಿಡೋ' ಅಂದ್ರು ನಿಮ್ಮಪ್ಪಾರು. ಅಷ್ಟು ತಿಳಿದೋರು, ಕಡೀಗೆ ಬುದ್ಧಿ ಮಂಕಾಗಿತ್ತೇನೋ!"

ಕೆಲಸದವರೆಲ್ಲ ನಕ್ಕರು.

ನಾನೂ ನಕ್ಕೆ, ಅಪ್ಪಾ.

ನಿಮ್ಮ
ಉಜ್ಜಿನಪ್ಪ